ಹೆದರಿಸಿದರೆ ಮದ್ದು ಕೊಡುವ ಕೋಶಗಳು

ಕೇಳುಗರಿಗೆಲ್ಲ ನಮಸ್ಕಾರ.

ಗಿಡಕ್ಕೆ ಓಡಿಹೋಗಲು ಕಾಲಿಲ್ಲ. ಹುಳ ಕಡಿದರೂ ಬೂಷ್ಟು ಹತ್ತಿದರೂ ನಿಂತಲ್ಲೇ ಎದುರಿಸಬೇಕು. ಅದಕ್ಕೇ ತನ್ನೊಳಗೆ ಕಹಿ, ಘಾಟು, ವಿಷ ಮಾಡಿಕೊಳ್ಳುತ್ತದೆ. ಎಷ್ಟೋ ಔಷಧಿಗಳು ನಮಗೆ ಸಿಕ್ಕಿದ್ದು ಹೀಗೆ.

ಈ ಮದ್ದು ಪಡೆಯಲು ಇಡೀ ಗಿಡ ಬೇಕಿಲ್ಲ. ಕಾಂಡದ ಒಂದು ಚೂರನ್ನು ಸಕ್ಕರೆ, ಲವಣ, ಹಾರ್ಮೋನು ಇರುವ ಆಹಾರದ ಮೇಲಿಟ್ಟರೆ ಕೋಶಗಳ ಮೆತ್ತನೆಯ ಗಂಟು ಬೆಳೆಯುತ್ತದೆ. ಅದನ್ನು ದ್ರವಕ್ಕೆ ಹಾಕಿ, ಫ್ಲಾಸ್ಕನ್ನು ಹಗಲೂ ರಾತ್ರಿ ಅಲುಗಾಡಿಸುತ್ತಿದ್ದರೆ ಕೋಶಗಳು ರವೆಯಂತೆ ಬಿಡಿಬಿಡಿಯಾಗಿ ಹೆಚ್ಚುತ್ತವೆ. ಆದರೆ ಅಲ್ಲಿ ಊಟ ಇದೆ, ಶತ್ರು ಇಲ್ಲ. ವಿಷ ಯಾಕೆ ಮಾಡಬೇಕು? ಸುಮ್ನೆ ಬೆಳೆಯುತ್ತವೆ, ಅಷ್ಟೇ. ಕೋಶ ಬೆಳೆದರೆ ಮದ್ದು ತಾನಾಗಿ ಬರುತ್ತದೆ ಅಂತ ಕಾಯುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಹೆದರಿಸಬೇಕು!

ನಿಜವಾದ ರೋಗವೂ ಬೇಡ. ಬೂಷ್ಟಿನ ಹೊರಗೋಡೆಯ ಸತ್ತ ಚೂರು ಸಾಕು. ಅದು ತಾಗಿದ ಕೆಲವೇ ನಿಮಿಷಗಳಲ್ಲಿ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಆಮೇಲೆ ಜಾಸ್ಮೋನಿಕ್ ಆಮ್ಲ ಎಂಬ ಗಿಡದ ಹಾರ್ಮೋನು ಸುದ್ದಿ ಹರಡುತ್ತದೆ, ರಕ್ಷಣೆಯ ಜೀನ್‌ಗಳು ಏಳುತ್ತವೆ.

ಯೂ ಮರದ ಕಥೆ ಹೇಳಲೇಬೇಕು. 1962ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಿನಿಂದ ಈ ಮರದ ತೊಗಟೆ ತಂದರು. ರಸಾಯನ ವಿಜ್ಞಾನಿಗಳಾದ ಮನ್ರೋ ವಾಲ್, ಮನ್ಸುಖ್ ವಾನಿ ಅದರಿಂದ ಟ್ಯಾಕ್ಸಾಲ್ ಎಂಬ ವಸ್ತುವನ್ನು ಬೇರ್ಪಡಿಸಿದರು. 1971ರಲ್ಲಿ ಅದರ ರಚನೆ ಪ್ರಕಟವಾಯಿತು. 1992ರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಅದನ್ನು ಬಳಸಲು ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಎಂಥ ಔಷಧಿ! ಆದರೆ ತೊಗಟೆಯಲ್ಲಿ ಅದು ಇರುವುದು ಅತ್ಯಲ್ಪ. ಮರ ಬೆಳೆಯುವುದು ಬಲು ನಿಧಾನ, ತೊಗಟೆ ಸುಲಿದರೆ ಸಾಯುತ್ತದೆ. ಕಾಡು ಉಳಿಸೋಣವೋ, ರೋಗಿಯನ್ನೋ? ಕೋಶಗಳನ್ನು ಬೆಳೆಸಿ ನೋಡಿದರು. ಟ್ಯಾಕ್ಸಾಲ್ ಬಂತು, ಆದರೆ ಚೂರೇ ಚೂರು. 1996ರಲ್ಲಿ ಜಪಾನಿನ ಸಂಶೋಧಕರು ಕೋಶಗಳಿಗೆ ಮೀಥೈಲ್ ಜಾಸ್ಮೊನೇಟ್ ಹಾಕಿದರು. ಇದು ಆಗಲೇ ಹೇಳಿದ ಜಾಸ್ಮೋನಿಕ್ ಆಮ್ಲದ್ದೇ ಒಂದು ರೂಪ, ಜಾಜಿಮಲ್ಲಿಗೆಯ ಎಣ್ಣೆಯಲ್ಲಿ ಮೊದಲು ಸಿಕ್ಕ ವಸ್ತು. ಶತ್ರು ಬಂದ ಅಂತ ಕೋಶಗಳು ನಂಬಿದವು, ಟ್ಯಾಕ್ಸಾಲ್ ಎಷ್ಟೋ ಪಟ್ಟು ಜಾಸ್ತಿ ಆಯಿತು. ಇಂದು ಈ ಔಷಧಿಯನ್ನು ಕೋಶಗಳಿಂದಲೂ ದೊಡ್ಡ ಟ್ಯಾಂಕುಗಳಲ್ಲಿ ತಯಾರಿಸುತ್ತಾರೆ. ಹೆದರಿಸಿದ್ದಕ್ಕೇ ಅಲ್ವಾ ಇದೆಲ್ಲ?

ಸಮಯ ಆಗುತ್ತಾ ಬಂತು. ದ್ರಾಕ್ಷಿ ಕೋಶಗಳು ಇದೇ ರೀತಿ ರೆಸ್ವೆರಟ್ರಾಲ್ ಎಂಬ ರಕ್ಷಣೆಯ ವಸ್ತು ಕೊಡುತ್ತವೆ, ಅದರ ವಿವರಕ್ಕೆ ಈಗ ಹೋಗುವುದಿಲ್ಲ. ಪ್ರಯೋಗಾಲಯದಲ್ಲಿ ಇದನ್ನು ಮಾಡಲು ಹೊರಟ ವಿದ್ಯಾರ್ಥಿಗಳಿಗೆ ಒಂದು ಮಾತು. ಹೆದರಿದ ಕೋಶ ಬೆಳೆಯುವುದನ್ನು ನಿಲ್ಲಿಸುತ್ತದೆ. ಪ್ರಮಾಣ ಮೀರಿದರೆ ಕಂದು ಬಣ್ಣಕ್ಕೆ ತಿರುಗಿ ಸಾಯುತ್ತದೆ. ಮೊದಲು ಫ್ಲಾಸ್ಕ್ ತುಂಬ ಬೆಳೆಯಲು ಬಿಡಿ, ಹೆದರಿಸುವುದು ಆಮೇಲೆ.

ನಮಸ್ಕಾರ.