ಒಂದೇ ದೃಶ್ಯ, ಎರಡು ಭಾಷೆ: ವೇಲ್ಸ್‌ನ ನಟಿ ಈವ್ ಮೈಲ್ಸ್

ಕೇಳುಗರಿಗೆ ನಮಸ್ಕಾರ.

ಬ್ರಿಟನ್ನಿನ ಭಾಗವಾದ ವೇಲ್ಸ್ ನಾಡಿನ ಕಿರುತೆರೆ ನಟಿ ಈವ್ ಮೈಲ್ಸ್ ಎಂದರೆ ಬಹಳ ಮಂದಿಗೆ ‘ಟಾರ್ಚ್‌ವುಡ್’ ಧಾರಾವಾಹಿಯ ಗ್ವೆನ್ ಕೂಪರ್ ನೆನಪಾಗುತ್ತಾಳೆ. ಆದರೆ ಅವರ ಕಸುಬುದಾರಿಕೆಯ ಆಳ ಗೊತ್ತಾಗಬೇಕಾದರೆ 2017ರಲ್ಲಿ ತೆರೆಗೆ ಬಂದ ‘ಈನ್ ಬೋರೆ ಮೆರ್ಖೆರ್’ ಧಾರಾವಾಹಿ ನೋಡಬೇಕು. ವೆಲ್ಶ್ ಭಾಷೆಯಲ್ಲಿ ಹಾಗೆಂದರೆ ‘ಒಂದು ಬುಧವಾರ ಬೆಳಿಗ್ಗೆ’. ಇದೇ ಕಥೆಯ ಇಂಗ್ಲಿಷ್ ರೂಪಕ್ಕೆ ‘ಕೀಪಿಂಗ್ ಫೇಯ್ತ್’ ಎಂದು ಹೆಸರು. ಎರಡರಲ್ಲೂ ನಾಯಕಿ ಈವ್ ಅವರೇ. ಡಬ್ಬಿಂಗ್ ಇಲ್ಲ, ಪ್ರತಿ ದೃಶ್ಯವನ್ನೂ ಎರಡೆರಡು ಸಲ ಅಭಿನಯಿಸಿದ್ದಾರೆ. ಅದಕ್ಕೆ ಮುಂಚೆ ಅವರಿಗೆ ವೆಲ್ಶ್ ಸರಾಗವಾಗಿ ಬರುತ್ತಿರಲಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಈವ್ ಹುಟ್ಟಿದ್ದು 1978ರಲ್ಲಿ. ಊರು ಅಸ್ಟ್ರಾಡ್‌ಗನ್‌ಲೈಸ್, ಸ್ವಾನ್ಸೀ ಕಣಿವೆಯ ಮೇಲ್ಭಾಗದಲ್ಲಿ ಕಲ್ಲಿದ್ದಲು ಗಣಿಗಳನ್ನು ನಂಬಿ ಬೆಳೆದ ಊರು. ಕಾರ್ಡಿಫ್‌ನ ರಾಯಲ್ ವೆಲ್ಶ್ ಸಂಗೀತ ಮತ್ತು ನಾಟಕ ಕಾಲೇಜಿನಲ್ಲಿ ಕಲಿತು 2000ದಲ್ಲಿ ಹೊರಬಂದರು. ಬಂದ ಹೊಸತರಲ್ಲೇ ಬಿಬಿಸಿ ವೇಲ್ಸ್‌ನ ‘ಬಿಲಾಂಗಿಂಗ್’ ಧಾರಾವಾಹಿಯಲ್ಲಿ ಪಾತ್ರ ಸಿಕ್ಕಿತು. ಕಣಿವೆಯ ಕುಟುಂಬವೊಂದರ ಕಥೆ ಅದು, 2009ರ ತನಕ ನಡೆಯಿತು. ಒಂದೇ ಪಾತ್ರವನ್ನು ವರ್ಷಾನುಗಟ್ಟಲೆ ಹೊತ್ತುಕೊಂಡು ಹೋಗುವ ಅಭ್ಯಾಸ ಅವರಿಗೆ ಕೂಡಿಬಂದದ್ದು ಅಲ್ಲಿ.

2005ರಲ್ಲಿ ಬಿಬಿಸಿಯ ವೈಜ್ಞಾನಿಕ ಕಲ್ಪನೆಯ ‘ಡಾಕ್ಟರ್ ಹೂ’ ಸರಣಿಯ ಒಂದು ಕಂತಿನಲ್ಲಿ, 1869ರ ಕಾರ್ಡಿಫ್‌ನ ಮನೆಗೆಲಸದ ಹುಡುಗಿ ಗ್ವಿನೆತ್ ಆಗಿ ಕಾಣಿಸಿಕೊಂಡರು. ಆ ಸರಣಿಯ ಹೊಣೆ ಹೊತ್ತಿದ್ದವರು ಸ್ವಾನ್ಸೀಯವರೇ ಆದ ರಸೆಲ್ ಟಿ. ಡೇವಿಸ್. ಈವ್ ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವರು ಗ್ವೆನ್ ಕೂಪರ್ ಪಾತ್ರವನ್ನು ಕಟ್ಟಿದರು. ‘ಟಾರ್ಚ್‌ವುಡ್’ 2006ರ ಅಕ್ಟೋಬರಿನಲ್ಲಿ ಆರಂಭವಾಗಿ 2011ರವರೆಗೆ ನಾಲ್ಕು ಸರಣಿ, 41 ಕಂತು ಓಡಿತು. ವೇಲ್ಸ್ ಮಾತಿನ ಧಾಟಿಯನ್ನು ತಿದ್ದಿಕೊಳ್ಳದೆ ಆಡುವ ಸಾಮಾನ್ಯ ಪೊಲೀಸ್ ಹೆಂಗಸೊಬ್ಬಳು ವೈಜ್ಞಾನಿಕ ಕಲ್ಪನೆಯ ಕಥೆಗೆ ನಾಯಕಿಯಾದದ್ದು ಆ ನಾಡಿಗೆ ದೊಡ್ಡ ಸಂಗತಿ. 2007ರಲ್ಲಿ, ಸಿನಿಮಾ ಮತ್ತು ಕಿರುತೆರೆ ಸಾಧನೆಗೆ ಕೊಡುವ ವೇಲ್ಸ್‌ನ ಬಾಫ್ಟಾ ಪ್ರಶಸ್ತಿ ಅವರಿಗೆ ಬಂತು. ಮುಂದೆ ‘ಫ್ರಾಂಕಿ’ಯಲ್ಲಿ ಮನೆಮನೆಗೆ ಹೋಗುವ ನರ್ಸ್, ‘ಬ್ರಾಡ್‌ಚರ್ಚ್’ನ ಎರಡನೇ ಸರಣಿಯಲ್ಲಿ ಕ್ಲೇರ್ ರಿಪ್ಲಿ, ಹೀಗೆ ಪಾತ್ರಗಳು ಬಂದವು.

ಇನ್ನು ಆ ಬುಧವಾರದ ವಿಷಯ. ಫೇಯ್ತ್ ಹವೆಲ್ಸ್ ವಕೀಲೆ, ಮೂರು ಮಕ್ಕಳ ತಾಯಿ, ಹೆರಿಗೆ ರಜೆಯಲ್ಲಿದ್ದಾಳೆ. ಬೆಳಿಗ್ಗೆ ಕೆಲಸಕ್ಕೆಂದು ಹೊರಟ ಗಂಡ ಕಾಣೆಯಾಗುತ್ತಾನೆ. ಬರೆದವರು ಮ್ಯಾಥ್ಯೂ ಹಾಲ್. ಗಂಡನ ಪಾತ್ರದಲ್ಲಿ ನಟಿಸಿದ ಬ್ರಾಡ್ಲಿ ಫ್ರೀಗಾರ್ಡ್ ನಿಜಜೀವನದಲ್ಲೂ ಈವ್ ಅವರ ಪತಿ. ಚಿತ್ರೀಕರಣ ನಡೆದದ್ದು ಕಾರ್ಮಾರ್ದೆನ್‌ಶೈರಿನ ಲಾರ್ನ್‌ನಲ್ಲಿ. ನದಿ ಕಡಲಿಗೆ ಸೇರುವ ಅಳಿವೆ, ದಂಡೆಯ ಮೇಲೆ ಪಾಳುಬಿದ್ದ ಕೋಟೆ. ಆ ಬೂದು ಬಣ್ಣದ ನಡುವೆ ಫೇಯ್ತ್ ತೊಟ್ಟ ಹಳದಿ ಮಳೆಯಂಗಿ ಎಷ್ಟು ದೂರದಿಂದಲೂ ಕಣ್ಣಿಗೆ ಹೊಡೆಯುತ್ತದೆ.

ಇಂಥ ಚಿತ್ರೀಕರಣ ಹೇಗೆ ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ. ಮೊದಲು ವೆಲ್ಶ್ ರೂಪವನ್ನು ಇಡಿಯಾಗಿ ಮುಗಿಸಿ ಆಮೇಲೆ ಇಂಗ್ಲಿಷ್ ಶುರುಮಾಡುವುದು ಕಾರ್ಯಸಾಧ್ಯವಲ್ಲ. ದೀಪ ಹೊಂದಿಸಿ ಕ್ಯಾಮೆರಾ ನಿಲ್ಲಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯುವುದರಿಂದ, ಒಮ್ಮೆ ಹೊಂದಿಸಿದ ಮೇಲೆ ಅದೇ ಕೋನದಲ್ಲಿ ಒಂದು ಭಾಷೆಯ ಟೇಕ್, ಬೆನ್ನಿಗೇ ಇನ್ನೊಂದು ಭಾಷೆಯದು. ಆಮೇಲೆ ಕ್ಯಾಮೆರಾ ಎದುರಿನವರ ಮುಖಕ್ಕೆ ತಿರುಗುತ್ತದೆ, ಮತ್ತೆ ಎರಡು ಭಾಷೆ. ಮೊದಲ ಸರಣಿಯ ಎಂಟು ಕಂತುಗಳು ಹೀಗೆ ಹದಿನಾರಾದವು. ಅಳುವ ದೃಶ್ಯವಾದರೆ ಮೊದಲ ಭಾಷೆಯಲ್ಲೇ ಕಣ್ಣೀರು ಖಾಲಿಯಾಗುತ್ತದೆ. ಎರಡನೆಯದಕ್ಕೆ ಬರುವಾಗ ನಟಿ ಅಭಿನಯವನ್ನು ಹೊಸದಾಗಿ ಹುಟ್ಟಿಸಿಕೊಳ್ಳಬೇಕು. ಹಿಂದಿನ ಟೇಕನ್ನು ನಕಲು ಮಾಡಿದರೆ ಮುಖ ಸುಳ್ಳಾಡುವುದು ತಕ್ಷಣ ಕಾಣುತ್ತದೆ. ಲೋಟದಲ್ಲಿ ಎಷ್ಟು ಚಹಾ ಉಳಿದಿತ್ತು, ಮಳೆಯಂಗಿ ಎಷ್ಟು ಒದ್ದೆಯಾಗಿತ್ತು, ಮಗು ಯಾವ ಕೈಯಲ್ಲಿತ್ತು, ಎಲ್ಲವನ್ನೂ ಎರಡು ಲೆಕ್ಕದಲ್ಲಿ ಬರೆದಿಡಬೇಕು. ತೆರೆಯ ಮೇಲೆ ಓದಲು ಸಿಗುವ ಪತ್ರ, ಮೊಬೈಲ್ ಸಂದೇಶಗಳಿಗೂ ಎರಡೆರಡು ಪ್ರತಿ ಬೇಕು.

ಇದಕ್ಕಿಂತ ದೊಡ್ಡ ತೊಡಕು ವಾಕ್ಯದ ಹೆಣಿಗೆಯಲ್ಲಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಇಂಗ್ಲಿಷಿನಲ್ಲಿ ನಡುವೆ, ವೆಲ್ಶ್‌ನಲ್ಲಿ ಸಾಮಾನ್ಯವಾಗಿ ಮೊದಲಿಗೇ ಬರುತ್ತದೆ: ‘ಕಂಡೆ ನಾನು ಅವನನ್ನು’ ಎಂಬ ಹಾಗೆ. ಇಂಗ್ಲಿಷ್ ಟೇಕಿನಲ್ಲಿ ಯಾವ ಪದಕ್ಕೆ ಸರಿಯಾಗಿ ತಲೆ ಎತ್ತಿದ್ದರೋ ವೆಲ್ಶ್‌ನಲ್ಲಿ ಆ ಪದ ಬೇರೆ ಜಾಗದಲ್ಲಿರುತ್ತದೆ. ನೋಟ, ಉಸಿರು, ಕೈ ಎಲ್ಲವೂ ಜಾಗ ಬದಲಿಸಬೇಕು.

ವೆಲ್ಶ್ ಕಲಿಯುವವರನ್ನು ಕಾಡುವ ಇನ್ನೊಂದು ಸಂಗತಿ ನಮಗೆ ಮಾತ್ರ ಕಿವಿಗೆ ಪರಿಚಿತ. ಅಲ್ಲಿ ಅಪ್ಪನಿಗೆ ‘ತಾದ್’, ನಿನ್ನ ಅಪ್ಪ ಅಂದರೆ ‘ದೆ ದಾದ್’. ತಲೆ ‘ಪೆನ್’, ನಿನ್ನ ತಲೆ ‘ದೆ ಬೆನ್’. ಬೆಕ್ಕು ‘ಕಾಥ್’, ನಿನ್ನ ಬೆಕ್ಕು ‘ದೆ ಗಾಥ್’. ಕತಪಗಳ ಜಾಗಕ್ಕೆ ಗದಬಗಳು! ಮಳೆ, ಕಾಲ ಸೇರಿ ಮಳೆಗಾಲವಾಗುವ, ಬೆಟ್ಟ, ತಾವರೆ ಸೇರಿ ಬೆಟ್ಟದಾವರೆಯಾಗುವ ನಮ್ಮ ಆದೇಶ ಸಂಧಿಯ ಧಾಟಿಯೇ ಇದು. ನಿಯಮ ಬೇರೆ, ನಂಟೂ ಇಲ್ಲ, ಆದರೂ ಕೇಳಿದರೆ ಹಿತವಾಗುತ್ತದೆ. ಹುಟ್ಟಿನಿಂದ ಆಡಿದವರಿಗೆ ಇದು ತಾನಾಗಿ ಬರುತ್ತದೆ. ಮೂವತ್ತೆಂಟು ದಾಟಿದ ಮೇಲೆ ಕಲಿತು, ಅಳುವ ದೃಶ್ಯದ ನಡುವೆಯೂ ತಪ್ಪದೆ ಆಡುವುದು ಎಂಥ ದುಡಿಮೆ ಎಂದು ಯೋಚಿಸಿ.

ಆ ದುಡಿಮೆ ಯಾಕೆ ಬೇಕಿತ್ತು ಎಂದರೆ, ವೆಲ್ಶ್ ವಾಹಿನಿ ಸುಮ್ಮನೆ ಸಿಕ್ಕಿದ್ದಲ್ಲ. ವೆಲ್ಶ್ ಭಾಷೆಗೆಂದೇ ವಾಹಿನಿ ಕೊಡುವೆವೆಂಬ ಮಾತಿನಿಂದ ಬ್ರಿಟಿಷ್ ಸರ್ಕಾರ ಹಿಂದೆ ಸರಿದಾಗ, 1980ರಲ್ಲಿ ಗ್ವಿನ್ವರ್ ಎವನ್ಸ್ ಎಂಬ ಹಿರಿಯ ರಾಜಕಾರಣಿ ಆಮರಣ ಉಪವಾಸ ಕೂರುವುದಾಗಿ ಸಾರಿದರು. ಸರ್ಕಾರ ಮಣಿಯಿತು. 1982ರ ನವೆಂಬರ್ 1ರಂದು ಎಸ್‌ಫೋರ್‌ಸಿ ವಾಹಿನಿ ಶುರುವಾಯಿತು. 2021ರ ಜನಗಣತಿಯಂತೆ ವೆಲ್ಶ್ ಬಲ್ಲವರು ಸುಮಾರು 5,38,000, ನೂರಕ್ಕೆ 17.8. ಇಷ್ಟು ಚಿಕ್ಕ ನೋಡುಗ ಬಳಗಕ್ಕಾಗಿಯೇ ದುಬಾರಿ ಧಾರಾವಾಹಿ ಮಾಡಿದರೆ ಗಿಟ್ಟುವುದು ಕಷ್ಟ. ಒಂದೇ ತಂಡ, ಒಂದೇ ಚಿತ್ರೀಕರಣದಲ್ಲಿ ಇಂಗ್ಲಿಷ್ ರೂಪವನ್ನೂ ತಯಾರಿಸಿದರೆ ಖರ್ಚು ಹಂಚಿಹೋಗುತ್ತದೆ. ಅಬರಿಸ್ಟ್ವಿತ್ ಸುತ್ತ ಚಿತ್ರೀಕರಿಸಿದ ಪತ್ತೇದಾರಿ ಸರಣಿ ‘ಹಿಂಟರ್‌ಲ್ಯಾಂಡ್’ 2013ರಲ್ಲೇ ಈ ದಾರಿ ತೋರಿಸಿತ್ತು.

‘ಈನ್ ಬೋರೆ ಮೆರ್ಖೆರ್’ 2017ರ ನವೆಂಬರಿನಲ್ಲಿ ಎಸ್‌ಫೋರ್‌ಸಿಯಲ್ಲಿ ಬಂತು. ಇಂಗ್ಲಿಷ್ ರೂಪ 2018ರ ಫೆಬ್ರವರಿಯಲ್ಲಿ ವೇಲ್ಸ್‌ಗೆ ಮಾತ್ರ ಪ್ರಸಾರವಾಯಿತು. ಆದರೆ ಬಿಬಿಸಿಯ ಅಂತರ್ಜಾಲ ವೇದಿಕೆ ಐಪ್ಲೇಯರಿನಲ್ಲಿ ಬ್ರಿಟನ್ನಿನ ಜನ ಅದನ್ನು ಹುಡುಕಿಕೊಂಡು ನೋಡಿದರು. ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ, ಅದೇ ಜುಲೈಯಲ್ಲಿ ಬಿಬಿಸಿ ಒನ್ ಅದನ್ನು ದೇಶಕ್ಕೆಲ್ಲ ಪ್ರಸಾರ ಮಾಡಿತು. ಆ ವರ್ಷ ಈವ್ ಅವರಿಗೆ ವೇಲ್ಸ್‌ನ ಬಾಫ್ಟಾ ಮತ್ತೊಮ್ಮೆ ಸಂದಿತು. ಆಮೇಲೆ ಇನ್ನೆರಡು ಸರಣಿಗಳು ಬಂದು, 2020ರ ಹೊತ್ತಿಗೆ ಕಂತುಗಳು ಇಪ್ಪತ್ತಾದವು. ಈವ್ ಅವರ ಲೆಕ್ಕದಲ್ಲಿ ನಲವತ್ತು.

ನಮಸ್ಕಾರ.