ಸಕುಟುಂಬ ಪರಿವಾರ ಸಮೇತ

(ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಯಂದು ದಾವಣಗೆರೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಈ ಸಭಾಂಗಣ ಮೊದಲ ಮಹಡಿಯಲ್ಲಿದೆ ಅಂತ ನನಗೆ ಗೊತ್ತಾಗಿದ್ದು ಗೇಟಿನ ಹತ್ತಿರ ಆಟೊ ಇಳಿದ ಮೇಲೆ. ಒಟ್ಟು 22 ಮೆಟ್ಟಿಲು. ಎಣಿಸೋದು ನನ್ನ ಹಳೇ ಚಟ, ಪೋಲಿಯೊ ಜೊತೆಗೇ ಬಂದಿದ್ದು. ಇಬ್ಬರು ಹುಡುಗರು ಓಡಿ ಬಂದು, "ಸರ್, ನಾವಿದೀವಿ, ಟೆನ್ಷನ್ ತಗೋಬೇಡ್ರಿ" ಅಂದರು. ಕುರ್ಚಿ ತಂದು ಕೂರಿಸಿದರು. ಆಮೇಲೆ ಶುರುವಾಯಿತು ಅವರಿಬ್ಬರ ಚರ್ಚೆ. ನೀನು ಹಿಂದೆ ಹಿಡಿ, ನಾನು ಮುಂದೆ. ಇಲ್ಲ, ಉಲ್ಟಾ ತಿರುಗಿಸಿ ಹತ್ತಿಸೋಣ. ಸ್ವಲ್ಪ ಓರೆ ಮಾಡು. ಬಹಳ ಒಳ್ಳೆಯ ಹುಡುಗರು, ಬೆವರು ಸುರಿಸಿ ಹೊತ್ತಿದ್ದಾರೆ. ಆದರೆ ಕುರ್ಚಿ ಮೇಲೆ ಒಬ್ಬ ಮನುಷ್ಯ ಕೂತಿದ್ದ, ಅವನಿಗೂ ಬಾಯಿ ಇತ್ತು ಅನ್ನೋದು ಆ ಚರ್ಚೆಯಲ್ಲಿ ಬರಲೇ ಇಲ್ಲ. ನನಗೆ ಕೊಟ್ಟ ವಿಷಯ ಅಂಗವಿಕಲರ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗಳು. ಹತ್ತುತ್ತಾ ಹತ್ತುತ್ತಾ ಅರ್ಧ ಉಪನ್ಯಾಸ ಅಲ್ಲೇ ತಯಾರಾಯಿತು.

ಮೊದಲು ಹೆಸರಿನ ತಕರಾರು ಮುಗಿಸಿಬಿಡೋಣ, ಇಲ್ಲದಿದ್ದರೆ ಪ್ರಶ್ನೋತ್ತರದಲ್ಲಿ ಅದೇ ಬರುತ್ತೆ. ನಾನು ಚಿಕ್ಕವನಿದ್ದಾಗ ಕುಂಟ. ಕಾಲೇಜಿಗೆ ಬಂದಾಗ ಅಂಗವಿಕಲ. ನೌಕರಿಯಲ್ಲಿದ್ದಾಗ ವಿಕಲಚೇತನ ಆದೆ, ನಿವೃತ್ತಿ ಹೊತ್ತಿಗೆ ದಿವ್ಯಾಂಗ. ಇಷ್ಟು ಪ್ರಮೋಷನ್ ನನಗೆ ಇಲಾಖೆಯಲ್ಲಿ ಸಿಗಲಿಲ್ಲ. ಬೋರ್ಡು ಬದಲಾದಾಗಲೆಲ್ಲ ಬಣ್ಣ ಹಚ್ಚೋರಿಗೆ ಕೆಲಸ ಸಿಕ್ಕಿತು, ಬೋರ್ಡಿನ ಕೆಳಗಿನ ಮೆಟ್ಟಿಲು ಹಾಗೇ ಇದೆ. ನಾನು ಇವತ್ತು ಅಂಗವಿಕಲ ಅಂತಲೇ ಅನ್ನುತ್ತೇನೆ. ಬೇಜಾರಾಗೋರು ಕ್ಷಮಿಸಿ.

ಈಗ ವಿಷಯ. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಏನು ಅಚ್ಚು ಹಾಕಿಸ್ತಾರೆ? "ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಿ." ಕುಟುಂಬದಲ್ಲಿ ಒಬ್ಬ ಬುದ್ಧಿಮಾಂದ್ಯ ಮಗ ಇದ್ದರೆ ಅವನು ಆ 'ಸಕುಟುಂಬ'ದಲ್ಲಿ ಬಂದನೋ ಇಲ್ಲವೋ? ಅಕ್ಷರದಲ್ಲಿ ಬಂದ. ಆದರೆ ಮದುವೆ ದಿನ ಅವನು ಅಜ್ಜಿ ಜೊತೆ ಮನೆಯಲ್ಲಿ, ಹೊರಗಿಂದ ಚಿಲಕ. ವಿಶ್ವಸಂಸ್ಥೆಯ ಕಥೆಯೂ ಬಹಳ ವರ್ಷ ಇದೇ. 1948ರ ಮಾನವ ಹಕ್ಕುಗಳ ಘೋಷಣೆ 'ಎಲ್ಲ ಮನುಷ್ಯರೂ' ಅಂದಿತು. 1966ರಲ್ಲಿ ಎರಡು ದೊಡ್ಡ ಒಡಂಬಡಿಕೆಗಳು ಬಂದವು, ಒಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳದ್ದು, ಇನ್ನೊಂದು ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳದ್ದು. ಯಾವ ಆಧಾರದ ಮೇಲೆ ಭೇದ ಮಾಡಬಾರದು ಅಂತ ಪಟ್ಟಿ ಕೊಟ್ಟರು. ಜನಾಂಗ, ಬಣ್ಣ, ಲಿಂಗ, ಭಾಷೆ, ಧರ್ಮ... ಅಂಗವೈಕಲ್ಯ ಎಲ್ಲಿ? ಕೊನೆಯಲ್ಲಿ 'ಇತರೆ ಸ್ಥಾನಮಾನ' ಅಂತಿದೆಯಲ್ಲ, ಅದರೊಳಗೆ ಹುಡುಕಿಕೊಳ್ಳಬೇಕು. ತಾಲ್ಲೂಕು ಕಚೇರಿ ಅರ್ಜಿಯಲ್ಲಿ 'ಇತರೆ' ಕಾಲಂ ತುಂಬಿದವರಿಗೆ ಗೊತ್ತು, ಅದನ್ನ ಯಾರೂ ಓದೋದಿಲ್ಲ.

1971ರಲ್ಲಿ ಬುದ್ಧಿಮಾಂದ್ಯರ ಹಕ್ಕುಗಳ ಬಗ್ಗೆ ಒಂದು ಘೋಷಣೆ, 1975ರಲ್ಲಿ ಎಲ್ಲ ಅಂಗವಿಕಲರ ಬಗ್ಗೆ ಇನ್ನೊಂದು. 1981ನ್ನು ಅಂತರರಾಷ್ಟ್ರೀಯ ಅಂಗವಿಕಲರ ವರ್ಷ ಅಂದರು. ಒಂದು ವರ್ಷ ಸಾಲಲಿಲ್ಲ, 1983ರಿಂದ 1992ರವರೆಗೆ ಒಂದು ದಶಕವನ್ನೇ ಕೊಟ್ಟರು. ಆ ದಶಕದ ನಡುವೆ, 1987ರಲ್ಲಿ ಇಟಲಿ, 1989ರಲ್ಲಿ ಸ್ವೀಡನ್, ಅಂಗವಿಕಲರಿಗೇ ಅಂತ ಒಂದು ಒಡಂಬಡಿಕೆಯನ್ನೇ, ಅಂದರೆ ಒಪ್ಪಿದ ದೇಶ ಪಾಲಿಸಲೇಬೇಕಾದ ಒಪ್ಪಂದವನ್ನೇ ಮಾಡೋಣ ಅಂತ ಮುಂದೆ ಬಂದವು. ಬೇಡ ಅಂದರು. ಕಾರಣ? ಈಗಿರೋ ಒಡಂಬಡಿಕೆಗಳಲ್ಲಿ 'ಎಲ್ಲರೂ' ಅಂತ ಇದೆಯಲ್ಲ, ನೀವೂ ಅದರಲ್ಲಿ ಬಂದಿರಿ! ಸಕುಟುಂಬ ಪರಿವಾರ ಸಮೇತ!

ಒಡಂಬಡಿಕೆ ಸಿಗದೇ ಹೋದಾಗ 1993ರಲ್ಲಿ ಸಮಾಧಾನಕ್ಕೆ ಅಂತ 'ಮಾನದಂಡ ನಿಯಮಗಳು' ಬಂದವು. ಅವೂ 22, ಇವತ್ತಿನ ನನ್ನ ಮೆಟ್ಟಿಲಿನಷ್ಟೇ. ನಿಯಮ ಅಂತ ಹೆಸರು, ಆದರೆ ಕಾನೂನಿನ ಕಟ್ಟು ಇಲ್ಲ. 'ಮಾಡತಕ್ಕದ್ದು' ಅಂತ ಇಲ್ಲ, 'ಮಾಡಿದರೆ ಒಳ್ಳೆಯದು' ಅಂತ. ಆದರೂ ಅವನ್ನ ನಾನು ತೆಗೆದುಹಾಕೋದಿಲ್ಲ, ಯಾಕೆಂದರೆ ಅವುಗಳ ಮೇಲೆ ಕಣ್ಣಿಡೋಕೆ ನೇಮಿಸಿದ್ದು ಬೆಂಗ್ಟ್ ಲಿಂಡ್‌ಕ್ವಿಸ್ಟ್ ಅನ್ನೋ ಸ್ವೀಡನ್ನಿನ ಮಾಜಿ ಸಚಿವರನ್ನ. ಅವರು ಅಂಧರು. 'ಕಣ್ಣಿಡೋಕೆ' ಅಂದೆನಲ್ಲ, ನೋಡಿ, ಭಾಷೆಯೇ ಹೀಗೆ ಕಾಲಿಗೆ ತೊಡರುತ್ತೆ. ಕಾಲಿಗೆ ತೊಡರುತ್ತೆ ಅಂದೆ! ಬಿಡಿ.

2001ರಲ್ಲಿ ಮೆಕ್ಸಿಕೊ ಮತ್ತೆ ಪ್ರಸ್ತಾಪ ಇಟ್ಟಿತು. ಈ ಸಲ ಒಪ್ಪಿ ಒಂದು ಸಮಿತಿ ಮಾಡಿದರು. 2002ರಿಂದ 2006ರವರೆಗೆ ಎಂಟು ಅಧಿವೇಶನ. ಮೊದಲು ಈಕ್ವೆಡಾರಿನ ಲೂಯಿಸ್ ಗ್ಯಾಲೆಗೋಸ್, ಆಮೇಲೆ ನ್ಯೂಜಿಲೆಂಡಿನ ಡಾನ್ ಮೆಕೇ ಅಧ್ಯಕ್ಷರು. ನನಗೆ ಮುಖ್ಯ ಅನ್ನಿಸೋದು ಇಸವಿ ಅಲ್ಲ, ಕೋಣೆಯಲ್ಲಿ ಯಾರು ಕೂತಿದ್ದರು ಅನ್ನೋದು. 2004ರ ಜನವರಿಯಲ್ಲಿ ಮೊದಲ ಕರಡು ಬರೆಯೋಕೆ ಕೂತ ತಂಡದಲ್ಲಿ ಸರ್ಕಾರಗಳು 27, ಸಂಘಟನೆಗಳು 12. ಅಂಗವಿಕಲರೇ ಕಟ್ಟಿದ ಸಂಘಟನೆಯವರು ರಾಯಭಾರಿಗಳ ಪಕ್ಕದ ಕುರ್ಚಿಯಲ್ಲಿ ಕೂತು, "ಈ ವಾಕ್ಯ ಸರಿಯಿಲ್ಲ" ಅಂತ ಹೇಳಿದರು. ಅವರ ಘೋಷಣೆ ನಿಮಗೆ ಗೊತ್ತೇ ಇದೆ, ನಮ್ಮನ್ನ ಬಿಟ್ಟು ನಮ್ಮ ಮಾತು ಬೇಡ. ಕುರ್ಚಿ ಹೊತ್ತ ಹುಡುಗರೇ, ಎಲ್ಲಿದ್ದೀರಿ? ಹಾಂ, ಅಲ್ಲೇ ಕೂತ್ಕೊಳ್ಳಿ, ನಿಮಗೆ ಆಮೇಲೆ ಕೆಲಸ ಇದೆ.

ಇಲ್ಲಿ ನಾನು ಹಾರ್ಮೋನಿಯಂ ಮಾಸ್ತರ ಕಥೆ ಹೇಳಬೇಕು. ನನ್ನ ಭಾಷಣ ಮೊದಲು ಕೇಳಿದವರು ಮೊಬೈಲು ನೋಡಿಕೊಳ್ಳಬಹುದು.

ಮಾಸ್ತರು ನನಗಿಂತ ಹತ್ತು ವರ್ಷ ಹಿರಿಯರು, ಹುಟ್ಟು ಕುರುಡರು. ಗದುಗಿನ ಪುಣ್ಯಾಶ್ರಮದಲ್ಲಿ ಕಲಿತು, ನಾಟಕ ಕಂಪನಿಗಳಿಗೆ ಪೆಟ್ಟಿಗೆ ಬಾರಿಸಿ, ಕೊನೆಗೆ ಈ ಊರಲ್ಲೇ ಮಕ್ಕಳಿಗೆ ಪಾಠ ಹೇಳಿಕೊಂಡು ನಿಂತರು. ಒಂದು ದಿನ ಉಳಿತಾಯ ಖಾತೆಗೆ ಚೆಕ್‌ಬುಕ್ ಕೇಳೋಕೆ ಬ್ಯಾಂಕಿಗೆ ಹೋದರು. ಯಾವ ಬ್ಯಾಂಕು ಅಂತ ಕೇಳಬೇಡಿ. ನಾನೂ ಜೊತೆಗಿದ್ದೆ, ಅಂದರೆ ಅವರ ಕೈ ನನ್ನ ಹೆಗಲ ಮೇಲೆ, ನನ್ನ ಕೈ ಊರುಗೋಲಿನ ಮೇಲೆ, ಎರಡು ಅರ್ಧ ಸೇರಿ ಒಂದು ಗಿರಾಕಿ. ಮ್ಯಾನೇಜರ್ ಸಾಹೇಬರು ಬಹಳ ಮರ್ಯಾದೆಯಿಂದ ಮಾತಾಡಿದರು. ನನ್ನ ಜೊತೆ! "ಇವರಿಗೆ ಚೆಕ್‌ಬುಕ್ ಕೊಡೋಕಾಗಲ್ಲ ಸರ್, ರಿಸ್ಕ್." ಮಾಸ್ತರು, "ನಾನು ಸಹಿ ಮಾಡ್ತೀನ್ರೀ" ಅಂದು ಮಾಡಿಯೂ ತೋರಿಸಿದರು. ನನ್ನ ಸಹಿಗಿಂತ ದುಂಡಗಿತ್ತು. ಮ್ಯಾನೇಜರು ಮತ್ತೆ ನನಗೇ ಹೇಳಿದರು, "ಅವರು ಏನಕ್ಕೆ ಸಹಿ ಮಾಡ್ತಿದಾರೆ ಅಂತ ಅವರಿಗೆ ಓದೋಕಾಗಲ್ಲವಲ್ಲ."

ಮಾಸ್ತರು ನಕ್ಕರು. "ಸಾಹೇಬ್ರ, ಆ ಫಾರಂ ಹಿಂದುಗಡೆ ಇರುವೆ ಸಾಲಿನಂಗೆ ಅಚ್ಚು ಹಾಕೀರಂತಲ್ಲ, ಕಣ್ಣಿದ್ದೋರು ಯಾರು ಓದ್ಯಾರ? ಒಬ್ಬರ ಹೆಸರು ಹೇಳ್ರಿ, ನಾನು ಎದ್ದು ಹೋಗ್ತೀನಿ."

ಒಬ್ಬರ ಹೆಸರೂ ಬರಲಿಲ್ಲ. ಕೊನೆಗೆ ಒಂದು ರಾಜಿ. ಕಣ್ಣಿರೋ ನಂಬಿಕಸ್ಥರೊಬ್ಬರನ್ನ ಸಾಕ್ಷಿಗೆ ಕರೆತನ್ನಿ. ನಾನು ಆಗೋದಿಲ್ಲವಂತೆ, ಆ ಶಾಖೆಯಲ್ಲಿ ನನ್ನ ಖಾತೆ ಇರಲಿಲ್ಲ. ಮಾಸ್ತರು ಹೊರಗೆ ಹೋದರು, ಹತ್ತು ನಿಮಿಷದಲ್ಲಿ ಪಕ್ಕದ ಮಂಡಕ್ಕಿ ಅಂಗಡಿಯಿಂದ ಒಬ್ಬರನ್ನ ಕೈ ಹಿಡಿದು ಕರೆತಂದರು. ಅವರಿಗೆ ಅಲ್ಲಿ ಖಾತೆ ಇತ್ತು, ಕಣ್ಣೂ ಇದ್ದವು. ಸಾಕ್ಷಿ ಸಹಿ ಬಿತ್ತು. ಎಲ್ಲ ಮುಗಿದ ಮೇಲೆ ಮಾಸ್ತರು ಮ್ಯಾನೇಜರ ಕಡೆ ಮುಖ ತಿರುಗಿಸಿ, "ನಿಮ್ಮ ನಂಬಿಕೆ ದೊಡ್ಡದ್ರಿ. ಇವನು ನನ್ನ ಹತ್ರ ಎರಡು ಸಾವಿರ ಸಾಲ ತಗೊಂಡು ಮೂರು ವರ್ಷ ಆತು" ಅಂದರು.

ನಗಿ, ನಗಿ. ಆದರೆ ಇದೇ ಜಗಳ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಆ ಸಮಿತಿಯಲ್ಲೂ ಆಯಿತು. ಒಡಂಬಡಿಕೆಯ 12ನೇ ವಿಧಿ, ಕಾನೂನಿನ ಮುಂದೆ ಸಮಾನ ಮಾನ್ಯತೆ. ಅಂಗವಿಕಲರಿಗೂ ಎಲ್ಲರಂತೆ 'ಕಾನೂನು ಸಾಮರ್ಥ್ಯ' ಇದೆ ಅಂತ ಬರೆದರು. 2006ರ ಆಗಸ್ಟ್, ಕೊನೆಯ ಅಧಿವೇಶನ, ಎಲ್ಲ ಮುಗಿಯೋ ಹೊತ್ತಿಗೆ ಒಂದು ಅಡಿಟಿಪ್ಪಣಿ ಸೇರಿಕೊಂಡಿತು. ಅರಬ್ಬಿ, ಚೀನೀ, ರಷ್ಯನ್ ಭಾಷೆಗಳಲ್ಲಿ ಈ ಪದಕ್ಕೆ ಹಕ್ಕು ಹೊಂದುವ ಸಾಮರ್ಥ್ಯ ಅಂತಷ್ಟೇ ಅರ್ಥ, ಅದನ್ನ ಚಲಾಯಿಸುವ ಸಾಮರ್ಥ್ಯ ಅಂತ ಅಲ್ಲ, ಅಂತ. ಒಂದೇ ಸಾಲು. ಅದರ ಅರ್ಥ ನಮ್ಮೂರಿನ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಪಹಣಿಯಲ್ಲಿ ಹೆಸರು ನಿಂದೇ ಇರಲಿ ತಮ್ಮಾ, ಉಳೋದು, ಭೋಗ್ಯಕ್ಕೆ ಹಾಕೋದು, ಮಾರೋದು ಎಲ್ಲ ಅಣ್ಣ ನೋಡ್ಕೋತಾನೆ! ಎಷ್ಟು ಮನೆಯಲ್ಲಿ ಕಿವುಡ ತಮ್ಮನ, ಬುದ್ಧಿಮಾಂದ್ಯ ತಂಗಿಯ ಪಾಲು ಹೀಗೆ 'ನೋಡಿಕೊಂಡು' ಹೋಗಿಲ್ಲ? ಆ ಅಡಿಟಿಪ್ಪಣಿ ಉಳಿದಿದ್ದರೆ ಜಗತ್ತಿನ ಅರ್ಧದಷ್ಟು ಅಣ್ಣಂದಿರಿಗೆ ಅದೇ ಸಾಕಿತ್ತು. ಅಂಗವಿಕಲರ ಸಂಘಟನೆಗಳು ಬಿಡಲಿಲ್ಲ, ಗಲಾಟೆ ಮಾಡಿದರು. ಡಿಸೆಂಬರ್ 13ರಂದು ಮಹಾಸಭೆ ಒಡಂಬಡಿಕೆಯನ್ನ ಅಂಗೀಕರಿಸೋ ಹೊತ್ತಿಗೆ ಅಡಿಟಿಪ್ಪಣಿ ಹೋಗಿತ್ತು. ಕೋಣೆಯಲ್ಲಿ ಅವರು ಇರದಿದ್ದರೆ ಆ ಒಂದು ಸಾಲನ್ನ ಯಾರು ನೋಡುತ್ತಿದ್ದರು? ಮಾಸ್ತರು ಹೇಳಿದ ಇರುವೆ ಸಾಲು!

2007ರ ಮಾರ್ಚ್ 30ರಂದು ಸಹಿಗೆ ಇಟ್ಟರು, ಮೊದಲ ದಿನವೇ 82 ಸಹಿ. ಭಾರತದ್ದೂ ಅವತ್ತೇ. ಅಕ್ಟೋಬರ್ 1ಕ್ಕೆ ನಾವು ಅನುಮೋದಿಸಿದೆವು. 2008ರ ಮೇ 3ರಿಂದ ಅದು ಜಾರಿಗೆ ಬಂತು. ಅಮೆರಿಕದ ಕಥೆ ಒಂದು ತಮಾಷೆ. ಅಂಗವಿಕಲರಿಗೆ ಮಾಡಿದ ತಮ್ಮ 1990ರ ಕಾನೂನಿನ ಮೇಲೆ ಅಷ್ಟು ಹೆಮ್ಮೆ ಇರೋ ದೇಶ, 2012ರ ಡಿಸೆಂಬರಿನಲ್ಲಿ ಸೆನೆಟ್ಟಿನಲ್ಲಿ ಮತಕ್ಕೆ ಹಾಕಿದರೆ 61 ಪರ, 38 ವಿರೋಧ, ಮೂರನೇ ಎರಡರಷ್ಟು ಬರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಹಳೇ ಸೆನೆಟರ್ ಬಾಬ್ ಡೋಲ್ ಗಾಲಿಕುರ್ಚಿಯಲ್ಲಿ ಬಂದು ಅಲ್ಲೇ ಕೂತಿದ್ದರು, ಅವರ ಪಕ್ಷದವರೇ ಬಹಳ ಜನ ಕೈ ಕೊಟ್ಟರು.

ನಮ್ಮಲ್ಲಿ ಒಡಂಬಡಿಕೆಯ ಫಲ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು, ಇದರಲ್ಲಿ 21. ನೌಕರಿ ಮೀಸಲಾತಿ ಶೇ. 3ರಿಂದ 4 ಆಯಿತು. ಮಾಸ್ತರ ಬ್ಯಾಂಕಿಗೆ ಉತ್ತರ ಅದರ 13ನೇ ಕಲಮಿನಲ್ಲಿದೆ, ಆಸ್ತಿ, ಹಣಕಾಸು, ಸಾಲ, ಎಲ್ಲದರಲ್ಲೂ ಕಾನೂನು ಸಾಮರ್ಥ್ಯ. ಮಾಸ್ತರು ಅದನ್ನ ನೋಡೋಕೆ... ಕೇಳೋಕೆ ಇರಲಿಲ್ಲ.

ಚೀಟಿ ಬಂತು. "ಐದು ನಿಮಿಷ." ನಾನಿನ್ನೂ ಇಳಿಜಾರಿಗೆ ಬಂದಿಲ್ಲ!

ಒಂದಕ್ಕೆ ಹನ್ನೆರಡು. ಇದನ್ನ ಬರೆದುಕೊಳ್ಳಿ. ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದದ ರ‍್ಯಾಂಪು. ಎರಡು ಅಡಿ ಜಗಲಿ ಇದ್ದರೆ 24 ಅಡಿ. ನಮ್ಮ ಕಚೇರಿಗಳಲ್ಲಿ ಎರಡು ಅಡಿಗೆ ನಾಲ್ಕು ಅಡಿ ಹಾಕಿ ಫೋಟೊ ತೆಗೆದು ಕಳಿಸ್ತಾರೆ. ಅದರ ಮೇಲೆ ಗಾಲಿಕುರ್ಚಿ ಹತ್ತೋದಿಲ್ಲ, ಸಿಬ್ಬಂದಿ ಸ್ಕೂಟರ್ ಚೆನ್ನಾಗಿ ಹತ್ತುತ್ತೆ. ಚಿತ್ರದುರ್ಗದ ಕೋಟೆ ಕಟ್ಟಿದವರು ಹೊರಗಿನವರು ಹತ್ತಬಾರದು ಅಂತಲೇ ಕಟ್ಟಿದರು, ಅದರಲ್ಲಿ ಮೋಸ ಇಲ್ಲ. ಇವರು ಯಾವ ಹೈದರಾಲಿಯನ್ನ ತಡೆಯೋಕೆ ಕಟ್ಟಿದ್ದು? ಹಳೇ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮ ಬಂದ ಐದು ವರ್ಷದಲ್ಲಿ ಸರಿಮಾಡಿ ಅಂತ ಕಾಯ್ದೆ ಹೇಳಿತ್ತು, ನಿಯಮ ಬಂದಿದ್ದು 2017ರ ಜೂನ್. ಲೆಕ್ಕ ನೀವೇ ಹಾಕಿ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇಂಥ ಕಟ್ಟಡ ಹೇಗಿರಬೇಕು ಅನ್ನೋ 15ನೇ ನಿಯಮವನ್ನೇ ಕಾಯ್ದೆಗೆ ವಿರುದ್ಧ ಅಂದಿತು, ಯಾಕೆಂದರೆ ಅದರಡಿ ಬಂದ ಮಾನದಂಡಗಳು ಬರೀ ಸಲಹೆಯ ಧಾಟಿಯಲ್ಲಿದ್ದವು. ನೆನಪಾಯಿತಾ, 1993ರ 'ಮಾಡಿದರೆ ಒಳ್ಳೆಯದು'?

ಉಳಿದದ್ದು ಓಡಿಸುತ್ತೇನೆ. ಮರಕೇಶ್ ಒಪ್ಪಂದ, 2013, ಅಂಧರಿಗೆ ಓದಲು ಬರುವ ರೂಪದಲ್ಲಿ ಪುಸ್ತಕ ಮಾಡೋಕೆ ಹಕ್ಕುಸ್ವಾಮ್ಯ ಅಡ್ಡ ಬರಬಾರದು ಅಂತ. ಅದನ್ನ ಮೊದಲು ಅನುಮೋದಿಸಿದ ದೇಶ ಭಾರತ, 2014ರಲ್ಲಿ. ಇದಕ್ಕೆ ಚಪ್ಪಾಳೆ ಹೊಡೀಬಹುದು. ಅಂಗವಿಕಲರ ಒಡಂಬಡಿಕೆಯ ಜೊತೆಗೇ ಬಂದ, ಬೇಕಾದ ದೇಶ ಒಪ್ಪಬಹುದಾದ ಐಚ್ಛಿಕ ಪ್ರೋಟೊಕಾಲ್‌ಗೆ ಸಹಿ ಹಾಕಿದರೆ, ಇಲ್ಲಿ ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಒಬ್ಬ ವ್ಯಕ್ತಿ ವಿಶ್ವಸಂಸ್ಥೆಯ ಸಮಿತಿಗೇ ದೂರು ಕೊಡಬಹುದು. ಭಾರತ ಹಾಕಿಲ್ಲ. ಅದಕ್ಕೆ ಚಪ್ಪಾಳೆ ಬೇಡ. ಸಮಂಜಸ ಹೊಂದಾಣಿಕೆ, ಅಂದರೆ ಒಬ್ಬೊಬ್ಬರ ಅಗತ್ಯಕ್ಕೆ ತಕ್ಕ ಬದಲಾವಣೆ ಮಾಡಿಕೊಡೋದು, ಅನ್ನೋ ಮಾತಿನ ಮೇಲೆ ನಾಲ್ಕು ಪುಟ ಬರೆದುಕೊಂಡು ಬಂದಿದ್ದೆ, ಅದನ್ನ ಸಂಚಾಲಕರಿಗೆ ಕೊಟ್ಟು ಹೋಗ್ತೀನಿ.

ಪಂಚಾಯಿತಿಯಿಂದ ಬಂದ ಪುನರ್ವಸತಿ ಕಾರ್ಯಕರ್ತರು ಹಿಂದಿನ ಸಾಲಿನಲ್ಲಿದ್ದೀರಿ. ನಿಮ್ಮ ಊರಲ್ಲಿ ಅಂಗವಿಕಲರ ಗ್ರಾಮಸಭೆ ಯಾವತ್ತು, ಎಷ್ಟು ಹೊತ್ತಿಗೆ ಅಂತ ಡಂಗುರ ಹಾಕಿಸಿ, ಚಿಲಕ ಹಾಕಿದ ಮನೆಗೂ ಹೋಗಿ ಹೇಳಿ. ಮಹಡಿ ಮೇಲೆ ಮಾತ್ರ ಇಟ್ಟುಕೊಳ್ಳಬೇಡಿ.

ಹಾಂ, ಮುಗಿಸಿದೆ, ಮುಗಿಸಿದೆ. ಕುರ್ಚಿ ಹುಡುಗರೇ, ಬನ್ನಿ. ಇಳಿಸುವಾಗ ನನ್ನ ಮುಖ ಮೆಟ್ಟಿಲ ಕೆಳಗಡೆಗೆ ಇರಲಿ, ಬೆನ್ನು ಮೇಲ್ಗಡೆಗೆ. ಮತ್ತೆ ಕುರ್ಚಿಯ ಆ ಬಲಗಡೆ ಕೈ ಹಿಡಿಯಬೇಡಿ, ಹತ್ತುವಾಗಲೇ ಅದು ಅಲ್ಲಾಡ್ತಿತ್ತು.