ಕಂದಕ ಯುದ್ಧಕ್ಕಲ್ಲ

ಕೇಳುಗರಿಗೆ ನಮಸ್ಕಾರ. ಕಂದಕ ಅಂದಕೂಡಲೇ ನಮಗೆ ನೆನಪಾಗುವುದು ಕೋಟೆ, ಮುತ್ತಿಗೆ, ನೀರಿನಲ್ಲಿ ಬಾಯ್ತೆರೆದ ಮೊಸಳೆ. ದಯವಿಟ್ಟು ಅದನ್ನೆಲ್ಲ ಸ್ವಲ್ಪ ಹೊತ್ತು ಮರೆತುಬಿಡಿ.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಸುತ್ತಲೂ ಕಂದಕ ತೋಡಿಸಿದ್ದ ಹಳೆಯ ಮನೆಗಳ ನೆಲೆಗಳು ಸುಮಾರು 6,000 ಇವೆ. ಹೆಚ್ಚಿನವು 1250ರಿಂದ 1350ರೊಳಗಿನವು. ತೋಡಿಸಿದವರು ರಾಜರಲ್ಲ, ಬಹುತೇಕ ಊರಿನ ಜಮೀನುದಾರರು. ಅವರ ಮನೆಯನ್ನು ಅಲ್ಲಿ ಮ್ಯಾನರ್ ಅನ್ನುತ್ತಾರೆ. ನಾಲ್ಕಾರು ಆಳುಗಳಿರುವ ಮನೆ ಯಾವ ಸೈನ್ಯವನ್ನು ತಡೆದೀತು, ಹೇಳಿ? ಕಳ್ಳರಿಗೆ, ಕಾಡುಪ್ರಾಣಿಗೆ ಅಡ್ಡಿಯಾದೀತು, ಅಷ್ಟೆ. ಕಂದಕ ಯುದ್ಧಕ್ಕಲ್ಲ, ಅಂತಸ್ತಿಗೆ. ದೊರೆಯ ಕೋಟೆಗೆ ನೀರಿದ್ದ ಮೇಲೆ ನನ್ನ ಮನೆಗೂ ಇರಲಿ ಎಂಬ ಹಂಬಲ ಅದು.

ವಾರಿಕ್‌ಶೈರಿನಲ್ಲಿ ಬ್ಯಾಡೆಸ್ಲಿ ಕ್ಲಿಂಟನ್ ಅಂತ ಒಂದು ಮನೆ. ಅದರ ಕಥೆ ನನಗೆ ಬಹಳ ಇಷ್ಟ. 1591ರ ಅಕ್ಟೋಬರ್. ಒಂದನೇ ಎಲಿಜಬೆತ್ ರಾಣಿಯ ಆಳ್ವಿಕೆ. ಹೊರದೇಶದಲ್ಲಿ ದೀಕ್ಷೆ ಪಡೆದು ಬಂದ ಕ್ಯಾಥೊಲಿಕ್ ಪಾದ್ರಿ ಸಿಕ್ಕಿಬಿದ್ದರೆ ರಾಜದ್ರೋಹ, ಮರಣದಂಡನೆ. ಮನೆಯೊಳಗೆ ಜಾನ್ ಜೆರಾರ್ಡ್, ಹೆನ್ರಿ ಗಾರ್ನೆಟ್, ರಾಬರ್ಟ್ ಸೌತ್‌ವೆಲ್ ಸೇರಿ ಹಲವು ಪಾದ್ರಿಗಳು. ಬೆಳಗಿನ ಜಾವ, ಪೂಜೆಯ ಹೊತ್ತು, ಕತ್ತಿ ಹಿರಿದವರು ಬಾಗಿಲು ಬಡಿದರು. ಗಮನಿಸಿ, ಅವರು ಬಾಗಿಲ ತನಕ ಬಂದೇಬಿಟ್ಟಿದ್ದರು! ಕಂದಕ ತಡೆಯಲಿಲ್ಲ, ತಡೆದು ನಿಲ್ಲಿಸಿದವರು ಮನೆಯ ಆಳುಗಳು. ಅಷ್ಟರಲ್ಲಿ ಒಳಗಿದ್ದವರು ಪೂಜೆಯ ಸಾಮಾನು ಬಚ್ಚಿಟ್ಟರು. ಈಗಷ್ಟೇ ಎದ್ದ ಹಾಸಿಗೆ ಬೆಚ್ಚಗಿದ್ದರೆ ಗುಟ್ಟು ರಟ್ಟಾಗುತ್ತದೆಂದು ಅದನ್ನೂ ಮಗುಚಿ ಹಾಕಿದರು. ಎಂಥ ಚುರುಕು ನೋಡಿ! ಆಮೇಲೆ ನೆಲದಡಿಯ ಮೋರಿಗೆ ಇಳಿದರು. ಹಿಂದೆ ಆ ಮನೆಯ ಕಕ್ಕಸಿನ ನೀರು ಕಂದಕಕ್ಕೆ ಹೋಗುತ್ತಿದ್ದ ದಾರಿ ಅದೇ ಎಂದು ಗುರುತಿಸಿದ್ದಾರೆ. ಮೇಲೆ ಹುಡುಕಾಟ, ಕೆಳಗೆ ನೀರಿನಲ್ಲಿ ಕಾಲಿಟ್ಟು ನಾಲ್ಕು ಗಂಟೆ ಉಸಿರು ಬಿಗಿಹಿಡಿದು ನಿಂತರು. ಯಾರೂ ಸಿಕ್ಕಲಿಲ್ಲ. ಜೆರಾರ್ಡ್ ಮುಂದೆ ಇದನ್ನೆಲ್ಲ ತಾವೇ ಬರೆದಿಟ್ಟರು. ಜೀವ ಉಳಿಸಿದ್ದು ಕಂದಕವಲ್ಲ, ಅದರ ಮೋರಿ.

ಹೊತ್ತಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಸಫೊಕ್, ಎಸೆಕ್ಸ್ ಕಡೆ ಜೇಡಿಮಣ್ಣು, ತೋಡಿದರೆ ನೀರು ಇಂಗದೆ ನಿಲ್ಲುತ್ತದೆ. ತೆಗೆದ ಮಣ್ಣನ್ನು ಎಷ್ಟೋ ಕಡೆ ನಡುವೆ ಹರಡಿ ಮನೆಯ ನೆಲ ಎತ್ತರಿಸಿದರು. ನೀರಿನಲ್ಲಿ ಮೀನು ಸಾಕಿದರು. ಇವೆಲ್ಲ ಲಾಭಗಳೇ, ಆದರೆ ಮೊದಲು ಅಂತಸ್ತು, ಆಮೇಲೆ ಮೀನು.

ನಿಮ್ಮ ಮಗನೋ ಮಗಳೋ ಇಂಗ್ಲೆಂಡಿನಲ್ಲಿದ್ದರೆ ಅಲ್ಲಿನ ಆರ್ಡ್‌ನೆನ್ಸ್ ಸರ್ವೆ ನಕ್ಷೆ ಬಿಡಿಸಿ ನೋಡಲು ಹೇಳಿ. ಹೊಲದ ನಡುವೆ ಹಳೆಗಾಲದ ಗಾಥಿಕ್ ಅಕ್ಷರದಲ್ಲಿ 'ಮೋಟ್', ಅಂದರೆ ಕಂದಕ, ಎಂದು ಬರೆದಿರುತ್ತದೆ. ಅಲ್ಲಿಗೆ ಹೋದರೆ ಮನೆ ಇರದೇ ಹೋಗಬಹುದು. ಹುಲ್ಲು ಬೆಳೆದ ಚೌಕಾಕಾರದ ಹಳ್ಳ ಇರುತ್ತದೆ, ಮಳೆಗಾಲವಾದರೆ ಅದರಲ್ಲಿ ನೀರೂ ಇದ್ದೀತು.